ಗೂಗಲ್ ಫಾರ್ಮ್‌ನಲ್ಲಿ ಕಿರು ಪರೀಕ್ಷೆ, ಪೋಷಕರ ಸಮೀಕ್ಷೆ: ಮೇಷ್ಟ್ರುಗಳಿಗೊಂದು ಮಾರ್ಗದರ್ಶಿ

ಪೇಪರ್ ತಿದ್ದುವ ಕೆಲಸ ತಪ್ಪುತ್ತದೆ ಅನ್ನುವ ಆಸೆಯಿಂದಲೇ ನಮ್ಮಲ್ಲಿ ಹೆಚ್ಚಿನವರು ಗೂಗಲ್ ಫಾರ್ಮ್ (ಪ್ರಶ್ನೆ ಹಾಕಿ, ಲಿಂಕ್ ಕಳಿಸಿ ಉತ್ತರ ಪಡೆಯುವ ಆನ್‌ಲೈನ್ ಸಾಧನ) ಹಿಡಿಯುವುದು. ಆಸೆ ತಪ್ಪೇನಲ್ಲ. ಆದರೆ ಅಷ್ಟಕ್ಕೇ ಬಳಸಿದರೆ ಅದರ ಅರ್ಧ ಲಾಭವೂ ಸಿಗುವುದಿಲ್ಲ. ಯಾವ ಮಗು ಎಷ್ಟು ಅಂಕ ತೆಗೆದುಕೊಂಡಿತು ಅನ್ನುವುದಕ್ಕಿಂತ, ತಪ್ಪು ಮಾಡಿದವರೆಲ್ಲ ಯಾವ ತಪ್ಪು ಮಾಡಿದರು ಅನ್ನುವುದು ಒಂದೇ ನೋಟಕ್ಕೆ ಕಾಣುತ್ತದಲ್ಲ, ಫಾರ್ಮ್‌ನ ನಿಜವಾದ ಉಪಯೋಗ ಅದು. ಹಾಗೆ ಕಾಣಬೇಕಾದರೆ ಪ್ರಶ್ನೆ ಬರೆಯುವಾಗಲೇ ಒಂದಿಷ್ಟು ತಲೆ ಓಡಿಸಬೇಕು.

ಯಾವ ಪರೀಕ್ಷೆಗೆ ಆಗುತ್ತದೆ, ಯಾವುದಕ್ಕೆ ಬೇಡ

ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಜೋಡಿಸುವ ವರ್ಷಾರಂಭದ ಕಾರ್ಯಕ್ರಮ) ನೈದಾನಿಕ ಪರೀಕ್ಷೆಗೆ, ಅಂದರೆ ಮಗು ಎಲ್ಲಿ ಹಿಂದಿದೆ ಎಂದು ತಿಳಿಯುವ ಪರೀಕ್ಷೆಗೆ, ಇದು ಹೇಳಿ ಮಾಡಿಸಿದ್ದು. ಪಾಠ ಮುಗಿದ ದಿನ ಐದಾರು ಪ್ರಶ್ನೆ ಕೇಳುವುದಕ್ಕೆ, ಎಫ್‌ಎ (ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನ) ಹತ್ತಿರ ಬಂದಾಗ ಪುನರಾವರ್ತನೆಗೆ, ಪೋಷಕರ ಸಭೆಯ ಮುಂಚೆ ನಾಲ್ಕು ಮಾತು ಕೇಳುವುದಕ್ಕೂ ಒಳ್ಳೆಯದು. ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ) ಅಂಕವನ್ನು ಮಾತ್ರ ಇದರಿಂದ ಕೊಡಬೇಡಿ. ಮಗು ಮನೆಯಲ್ಲಿ ಕೂತು ಬರೆದರೆ ಪಕ್ಕದಲ್ಲಿ ಅಕ್ಕ ಇದ್ದಾಳೋ, ಇನ್ನೊಂದು ಫೋನಿನಲ್ಲಿ ಗೂಗಲ್ ತೆರೆದಿದೆಯೋ ನಮಗೆ ಗೊತ್ತಾಗುವುದಿಲ್ಲ. ಬೇರೆ ಕಿಟಕಿಗೆ ಹೋಗದಂತೆ ತಡೆಯುವ ಲಾಕ್ಡ್ ಮೋಡ್ ಇದೆ ನಿಜ, ಆದರೆ ಅದು ಶಾಲೆಯೇ ನಿರ್ವಹಿಸುವ, ಗೂಗಲ್‌ನ ವ್ಯವಸ್ಥೆಯಿರುವ ಲ್ಯಾಪ್‌ಟಾಪ್‌ಗಳಾದ ಕ್ರೋಮ್‌ಬುಕ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಮ್ಮ ಎಷ್ಟು ಶಾಲೆಗಳಲ್ಲಿ ಅದಿದೆ ಹೇಳಿ!

"ಇದಕ್ಕೆ ಅಂಕ ಇಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಒತ್ತಿ" ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ನಕಲು ಮಾಡುವ ಕಾರಣವೇ ಅರ್ಧ ಹೊರಟು ಹೋಗುತ್ತದೆ.

ಫಾರ್ಮ್ ತೆರೆಯುವುದು

ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಹುಡುಕುವುದು ಬೇಡ. ಫೋನಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಕ್ರೋಮ್ ತೆರೆದು ಮೇಲಿನ ಪಟ್ಟಿಯಲ್ಲಿ ಫಾರ್ಮ್ಸ್ ಡಾಟ್ ನ್ಯೂ (forms.new) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಖಾಲಿ ಫಾರ್ಮ್ ನೇರವಾಗಿ ತೆರೆದುಕೊಳ್ಳುತ್ತದೆ. ಪ್ರಶ್ನೆ ತಯಾರಿಸುವ ಕೆಲಸಕ್ಕೆ ಸಾಧ್ಯವಾದರೆ ಕಂಪ್ಯೂಟರೇ ಇರಲಿ, ಫೋನಿನಲ್ಲಿ ಮೇಲೆ ಕೆಳಗೆ ಸರಿಸಿ ಸರಿಸಿ ಬೆರಳು ಸೋಲುತ್ತದೆ.

ಹೆಸರು ಬರೆಯುವಾಗ "ಟೆಸ್ಟ್ 1" ಅಂತ ಬರೆಯಬೇಡಿ. "8ನೇ ತರಗತಿ ವಿಜ್ಞಾನ, ಬಲ ಮತ್ತು ಒತ್ತಡ, ಪಾಠದ ನಂತರ" ಅಂತ ಬರೆಯಿರಿ. ಡಿಸೆಂಬರ್ ಹೊತ್ತಿಗೆ ಫಾರ್ಮ್‌ಗಳು ಉಳಿಯುವ ಗೂಗಲ್ ಡ್ರೈವ್‌ನಲ್ಲಿ ಇಂಥವು ರಾಶಿ ಬಿದ್ದಾಗ ಬೆಲೆ ತಿಳಿಯುತ್ತದೆ.

ನಂತರ ಮೇಲಿನ "ಸೆಟ್ಟಿಂಗ್ಸ್"ಗೆ ಹೋಗಿ "ಮೇಕ್ ದಿಸ್ ಎ ಕ್ವಿಜ್" ಗುಂಡಿಯನ್ನು ಆನ್ ಮಾಡಿ. ಆಗ ಮಾತ್ರ ಪ್ರತಿ ಪ್ರಶ್ನೆಗೆ ಅಂಕ, ಸರಿ ಉತ್ತರ ಹಾಕುವ ಜಾಗ ಕಾಣಿಸುತ್ತದೆ.

ಅಂಕ ಯಾವಾಗ ತೋರಿಸಬೇಕು ಅನ್ನುವುದಕ್ಕೆ ಅಲ್ಲೇ ಎರಡು ಆಯ್ಕೆಗಳಿವೆ. ಕಳಿಸಿದ ತಕ್ಷಣ ತೋರಿಸುವುದು ಒಂದು, ನೀವು ನೋಡಿದ ಮೇಲೆ ತೋರಿಸುವುದು ಇನ್ನೊಂದು. ತಕ್ಷಣ ತೋರಿಸಿದರೆ ಮೊದಲು ಮುಗಿಸಿದ ಜಾಣ ಸರಿ ಉತ್ತರಗಳ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುತ್ತಾನೆ, ಕತೆ ಮುಗಿಯಿತು. ನಂತರ ತೋರಿಸುತ್ತೇನೆ ಅಂದರೆ ಫಾರ್ಮ್ ಪ್ರತಿಯೊಬ್ಬರ ಇಮೇಲ್ ಕೇಳುತ್ತದೆ, ನಮ್ಮ ಮಕ್ಕಳ ಹತ್ತಿರ ಅದಿರುವುದಿಲ್ಲ. ಇದಕ್ಕೊಂದು ನಡುವಿನ ದಾರಿ ಇದೆ. ತಕ್ಷಣ ತೋರಿಸುವುದನ್ನೇ ಇಟ್ಟುಕೊಂಡು, ಅದರ ಕೆಳಗಿರುವ "ಮಿಸ್ಡ್ ಕ್ವೆಶ್ಚನ್ಸ್", "ಕರೆಕ್ಟ್ ಆನ್ಸರ್ಸ್" ಎರಡನ್ನೂ ಆಫ್ ಮಾಡಿ. ಯಾವುದು ತಪ್ಪು, ಯಾವುದು ಸರಿ ಅನ್ನುವುದು ಮಗುವಿಗೆ ಕಾಣುವುದಿಲ್ಲ. ಎಲ್ಲರೂ ಮುಗಿಸಿದ ಮೇಲೆ ತರಗತಿಯಲ್ಲೇ ಹೇಳಿದರಾಯಿತು.

ಹಳೇ ಪ್ರಶ್ನೆಪತ್ರಿಕೆ ಅಂಟಿಸುವ ಮುಂಚೆ

ಹಳೆಯ ಪ್ರಶ್ನೆಪತ್ರಿಕೆಗಳು ನಮ್ಮ ಹತ್ತಿರ ಬೇಕಾದಷ್ಟಿವೆ, ಹೆಚ್ಚಿನವು ನುಡಿ ತಂತ್ರಾಂಶದಲ್ಲೋ ಬರಹ ತಂತ್ರಾಂಶದಲ್ಲೋ ಟೈಪ್ ಮಾಡಿದವು. ಅದನ್ನು ಕಾಪಿ ಮಾಡಿ ಫಾರ್ಮ್‌ಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಗಜಿಬಿಜಿ ಬರುತ್ತದೆ. ಫಾರ್ಮ್ ಕೆಟ್ಟಿಲ್ಲ. ಆ ಹಳೆಯ ಫಾಂಟ್‌ಗಳು ಯೂನಿಕೋಡ್ (ಎಲ್ಲ ಸಾಧನಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲ, ಅಷ್ಟೇ. ಆಸ್ಕಿಯಿಂದ (ಈ ಹಳೆಯ ಸಂಕೇತದಿಂದ) ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಅಲ್ಲಲ್ಲಿ ತಪ್ಪಿರುತ್ತದೆ.

ಹೊಸದಾಗಿ ಬರೆಯುವುದಾದರೆ ಫೋನಿನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿಕೊಂಡು ಮೈಕ್ ಒತ್ತಿ ಮಾತಾಡಿ. ಪ್ರಶ್ನೆ ತಾನೇ ಟೈಪ್ ಆಗುತ್ತದೆ, ಸಣ್ಣಪುಟ್ಟದ್ದು ತಿದ್ದಿಕೊಂಡರೆ ಸಾಕು.

ಗಣಿತದ ಭಿನ್ನರಾಶಿ, ವರ್ಗಮೂಲ, ರೇಖಾಗಣಿತದ ಚಿತ್ರ ಇಂಥವನ್ನು ಫಾರ್ಮ್‌ನಲ್ಲಿ ಟೈಪ್ ಮಾಡಲು ಹೆಣಗಾಡಬೇಡಿ. ಬಿಳಿ ಹಾಳೆಯಲ್ಲಿ ದೊಡ್ಡದಾಗಿ ಬರೆದು ಫೋಟೊ ತೆಗೆದು, ಪ್ರಶ್ನೆಯ ಪಕ್ಕದ ಚಿತ್ರದ ಗುರುತು ಒತ್ತಿ ಸೇರಿಸಿ. ಆಯ್ಕೆಗಳಿಗೂ ಹೀಗೇ ಚಿತ್ರ ಹಾಕಬಹುದು.

ಮಗು ಯಾರೆಂದು ತಿಳಿಯುವುದು ಹೇಗೆ

ಮೊದಲ ಪ್ರಶ್ನೆ ಹೆಸರು, ಎರಡನೆಯದು ಹಾಜರಿ ಸಂಖ್ಯೆ. ಇದರಲ್ಲೇನು ಕಷ್ಟ ಅನ್ನಿಸುತ್ತದೆ ಅಲ್ವಾ? ಫಲಿತಾಂಶ ತೆರೆದಾಗ ಒಬ್ಬಳು "ಕಾವ್ಯ", ಇನ್ನೊಬ್ಬಳು "ಕಾವ್ಯ ಎಚ್", ಮತ್ತೊಬ್ಬಳು ಇಂಗ್ಲಿಷಿನಲ್ಲಿ ಬರೆದ ಕಾವ್ಯ, ಹಾಜರಿ ಸಂಖ್ಯೆಯ ಜಾಗದಲ್ಲಿ ಒಬ್ಬ ಅಪ್ಪನ ಫೋನ್ ನಂಬರ್ ಹಾಕಿರುತ್ತಾನೆ. ಆದ್ದರಿಂದ ಹೆಸರನ್ನು ಟೈಪ್ ಮಾಡಿಸಲೇಬೇಡಿ. "ಡ್ರಾಪ್‌ಡೌನ್" ಪ್ರಶ್ನೆ ಮಾಡಿ, ಹಾಜರಿ ಪುಸ್ತಕದ ಕ್ರಮದಲ್ಲಿ ಸಂಖ್ಯೆಗಳನ್ನು ಇಡಿ, ಮಗು ಆರಿಸಿಕೊಳ್ಳಲಿ. ಪಟ್ಟಿ ಎಕ್ಸೆಲ್‌ನಲ್ಲಿದ್ದರೆ ಇಡೀ ಕಾಲಂ ಕಾಪಿ ಮಾಡಿ ಮೊದಲ ಆಯ್ಕೆಯ ಜಾಗದಲ್ಲಿ ಅಂಟಿಸಿ, ಸಾಲಿಗೊಂದರಂತೆ ತಾನೇ ಬಿಡಿಬಿಡಿಯಾಗಿ ಕೂರುತ್ತದೆ.

ಟೈಪ್ ಮಾಡಿಸಲೇಬೇಕು ಅಂದರೆ "ಶಾರ್ಟ್ ಆನ್ಸರ್" ಪ್ರಶ್ನೆಯ ಮೂರು ಚುಕ್ಕಿ ಒತ್ತಿ "ರೆಸ್ಪಾನ್ಸ್ ವ್ಯಾಲಿಡೇಶನ್" ಆರಿಸಿ. ಸಂಖ್ಯೆ, 1ರಿಂದ 60ರ ನಡುವೆ ಎಂದು ಕೊಡಿ. ತಪ್ಪಿದರೆ ಕಾಣಿಸಬೇಕಾದ ಮಾತನ್ನೂ ಕನ್ನಡದಲ್ಲಿ ಬರೆಯಿರಿ: "ನಿನ್ನ ಹಾಜರಿ ಸಂಖ್ಯೆ ಮಾತ್ರ ಹಾಕು." ಇದನ್ನು ಬರೆಯದೆ ಬಿಟ್ಟರೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಎಚ್ಚರಿಕೆ ಬರುತ್ತದೆ, ಮಗು ಫೋನ್ ಕೆಳಗಿಟ್ಟು ಎದ್ದು ಹೋಗುತ್ತದೆ.

ಇನ್ನು "ಲಿಮಿಟ್ ಟು 1 ರೆಸ್ಪಾನ್ಸ್" ಅನ್ನುವ ಗುಂಡಿ. ನೋಡಲು ಚೆನ್ನಾಗಿದೆ, ಒಬ್ಬರು ಒಂದೇ ಸಲ ಉತ್ತರಿಸಬೇಕು ಅಂತ. ಆದರೆ ಅದು ಎಣಿಸುವುದು ಮಗುವನ್ನಲ್ಲ, ಗೂಗಲ್ ಖಾತೆಯನ್ನು. ಒಂದೇ ತರಗತಿಯಲ್ಲಿ ಅವಳಿ ಮಕ್ಕಳಿದ್ದು ಮನೆಗೊಂದೇ ಫೋನಿದ್ದರೆ ಒಬ್ಬರಿಗೆ ಬಾಗಿಲು ಮುಚ್ಚಿತು. ಸೈನ್ ಇನ್ ಕೂಡ ಕೇಳುತ್ತದೆ. ನಮ್ಮ ಮಕ್ಕಳ ಮಟ್ಟಿಗೆ ಇದು ಆಫ್ ಇರುವುದೇ ಕ್ಷೇಮ. ಯಾರಾದರೂ ಎರಡು ಸಲ ಕಳಿಸಿದರೆ ಮೊದಲನೆಯದನ್ನು ಇಟ್ಟುಕೊಳ್ಳಿ.

ತಪ್ಪು ಆಯ್ಕೆಗಳನ್ನು ಆರಿಸುವುದೇ ನಿಜವಾದ ಕೆಲಸ

ಬಹು ಆಯ್ಕೆ ಪ್ರಶ್ನೆ ಮಾಡುವಾಗ ನಾವು ಸರಿ ಉತ್ತರ ಬರೆದು, ಉಳಿದ ಮೂರಕ್ಕೆ ಸುಮ್ನೆ ಏನೋ ತುಂಬಿಸಿಬಿಡುತ್ತೇವೆ. ಅಲ್ಲೇ ಎಡವುವುದು. ಒಂದೊಂದು ತಪ್ಪು ಆಯ್ಕೆಯೂ ಮಕ್ಕಳು ನಿಜವಾಗಿ ಮಾಡುವ ಒಂದೊಂದು ತಪ್ಪೇ ಆಗಿರಬೇಕು.

ಭಿನ್ನರಾಶಿ ನೋಡಿ. 1/2 + 1/3 ಎಷ್ಟು? ಆಯ್ಕೆಗಳು 5/6, 2/5, 2/6, 1/6. ಸರಿ ಉತ್ತರ 5/6. 2/5 ಒತ್ತಿದ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದೆ. 2/6 ಒತ್ತಿದ್ದು ಛೇದವನ್ನು ಸಮ ಮಾಡಬೇಕೆಂದು ತಿಳಿದಿದೆ, ಆದರೆ ಅಂಶವನ್ನು ಬದಲಾಯಿಸಲು ಮರೆತಿದೆ. 1/6 ಒತ್ತಿದ್ದು ಕೂಡುವ ಬದಲು ಗುಣಿಸಿದೆ, ಅಥವಾ ಕಳೆದಿದೆ. ಮೂವರಿಗೂ ಸೊನ್ನೆ ಅಂಕವೇ ಬರುತ್ತದೆ, ಆದರೆ ನಾಳೆ ಮೂವರಿಗೂ ಹೇಳಿಕೊಡಬೇಕಾದ್ದು ಬೇರೆ ಬೇರೆ. ಆಯ್ಕೆಗಳು 5/6, 7/9, 11/4, 3/8 ಆಗಿದ್ದಿದ್ದರೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ.

ವಿಜ್ಞಾನದಲ್ಲಿ ಇನ್ನೂ ಸ್ವಾರಸ್ಯ. ಭೂಮಿಯ ಮೇಲೆ ಒಬ್ಬ ಗಗನಯಾತ್ರಿಯ ದ್ರವ್ಯರಾಶಿ 60 ಕೆ.ಜಿ., ಚಂದ್ರನ ಮೇಲೆ ಅವನ ದ್ರವ್ಯರಾಶಿ ಎಷ್ಟು? ಆಯ್ಕೆಗಳು 60, 10, 0, 360. ದ್ರವ್ಯರಾಶಿ ಎಲ್ಲಿ ಹೋದರೂ ಬದಲಾಗುವುದಿಲ್ಲ, ಹಾಗಾಗಿ 60. ಚಂದ್ರನ ಗುರುತ್ವ ಭೂಮಿಯ ಸುಮಾರು ಆರನೇ ಒಂದು ಭಾಗ ಅನ್ನುವುದು ನೆನಪಿದ್ದವರು 10 ಒತ್ತುತ್ತಾರೆ. ಪಾಠ ಓದಿದ್ದಾರೆ, ತೂಕ ಮತ್ತು ದ್ರವ್ಯರಾಶಿ ಕಲಸಿಕೊಂಡಿದ್ದಾರೆ. 0 ಒತ್ತಿದವರ ತಲೆಯಲ್ಲಿ ಚಂದ್ರನ ಮೇಲೆ ಗುರುತ್ವವೇ ಇಲ್ಲ, ಎಲ್ಲವೂ ತೇಲುತ್ತದೆ ಅನ್ನುವ ಚಿತ್ರ ಇದೆ. 360 ಒತ್ತಿದವರು ಲೆಕ್ಕವನ್ನೇ ತಿರುಗಾಮುರುಗಾ ಮಾಡಿದ್ದಾರೆ. ಬಹಳಷ್ಟು ಮಕ್ಕಳು ತಪ್ಪು ಮಾಡುವ ಪ್ರಶ್ನೆ ಇದು, ಆದರೆ ಆ ತಪ್ಪು ನಮಗೆ ಬೇಕು.

ಇಂಥ ತಪ್ಪುಗಳು ಎಲ್ಲಿ ಸಿಗುತ್ತವೆ ಅಂದರೆ ಕಳೆದ ವರ್ಷದ ಉತ್ತರಪತ್ರಿಕೆಗಳಲ್ಲಿ. ಕೆಂಪು ಗೆರೆ ಎಳೆದ ಜಾಗಗಳನ್ನು ಓದಿ, ಅವೇ ನಿಮ್ಮ ಆಯ್ಕೆಗಳು. ಐದನೆಯ ಆಯ್ಕೆಯಾಗಿ "ಗೊತ್ತಿಲ್ಲ" ಇಡಿ. ಇಲ್ಲದಿದ್ದರೆ ಮಗು ಕಣ್ಣು ಮುಚ್ಚಿ ಏನೋ ಒತ್ತುತ್ತದೆ, ನೀವು ಅದನ್ನೇ ತಪ್ಪು ತಿಳಿವಳಿಕೆ ಅಂದುಕೊಂಡು ಅರ್ಧ ಪಿರಿಯಡ್ ವಿವರಿಸುತ್ತೀರಿ.

ಆಯ್ಕೆ ಬರೆದಾದ ಮೇಲೆ ಕೆಳಗಿನ "ಆನ್ಸರ್ ಕೀ" ಒತ್ತಿ ಸರಿ ಉತ್ತರ ಗುರುತಿಸಿ, ಅಂಕ ಕೊಡಿ. ಅಂಕ ಹಾಕದಿದ್ದರೆ ಸೊನ್ನೆ ಅಂತಲೇ ಇರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಮೂರು ಚುಕ್ಕಿಯೊಳಗೆ "ಶಫಲ್ ಆಪ್ಷನ್ ಆರ್ಡರ್" ಇದೆ, ಅದನ್ನು ಆನ್ ಮಾಡಿದರೆ ಒಬ್ಬೊಬ್ಬರಿಗೆ ಆಯ್ಕೆಗಳ ಕ್ರಮ ಬೇರೆಯಾಗುತ್ತದೆ, ಲ್ಯಾಬ್‌ನಲ್ಲಿ ಪಕ್ಕಪಕ್ಕ ಕೂತು ಬರೆಯುವಾಗ "ಮೂರನೇದು ಒತ್ತೋ" ಅನ್ನುವ ಪಿಸುಮಾತು ಕೆಲಸಕ್ಕೆ ಬರುವುದಿಲ್ಲ. "ಮೇಲಿನ ಎಲ್ಲವೂ" ಅನ್ನುವ ಆಯ್ಕೆ ಇದ್ದರೆ ಮಾತ್ರ ಶಫಲ್ ಮಾಡಬೇಡಿ, ಅದು ಎಲ್ಲಕ್ಕಿಂತ ಮೇಲೆ ಹೋಗಿ ಕೂತರೆ ನಗೆಪಾಟಲು.

ಒಂದು ಹೆಜ್ಜೆ ಮುಂದೆ ಹೋಗುವ ಮನಸ್ಸಿದ್ದರೆ ಹೀಗೆ ಮಾಡಿ. ಫಾರ್ಮ್‌ನಲ್ಲಿ ತಪ್ಪು ಉತ್ತರಕ್ಕೆ ಒಂದೇ ಪ್ರತಿಕ್ರಿಯೆ ಬರೆಯಬಹುದು, ಒಂದೊಂದು ಆಯ್ಕೆಗೆ ಬೇರೆ ಬೇರೆ ಬರೆಯಲು ಆಗುವುದಿಲ್ಲ. ಆದರೆ ಫಾರ್ಮನ್ನು ಸೆಕ್ಷನ್‌ಗಳಾಗಿ ಒಡೆದು, ಪ್ರಶ್ನೆಯ ಮೂರು ಚುಕ್ಕಿಯಲ್ಲಿ "ಗೋ ಟು ಸೆಕ್ಷನ್ ಬೇಸ್ಡ್ ಆನ್ ಆನ್ಸರ್" ಆನ್ ಮಾಡಿದರೆ, 10 ಒತ್ತಿದ ಮಗು ತೂಕ ಮತ್ತು ದ್ರವ್ಯರಾಶಿಯ ವ್ಯತ್ಯಾಸ ಹೇಳುವ ಪುಟಕ್ಕೆ, 0 ಒತ್ತಿದ ಮಗು ಚಂದ್ರನ ಗುರುತ್ವದ ಪುಟಕ್ಕೆ ಹೋಗುತ್ತದೆ, ಅಲ್ಲಿ ಅಂಥದ್ದೇ ಇನ್ನೊಂದು ಪ್ರಶ್ನೆ ಕೇಳಬಹುದು. ಪ್ರತಿ ಸೆಕ್ಷನ್‌ನ ಕೊನೆಯಲ್ಲಿ ಮುಂದೆ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಹೊಂದಿಸಿ. ಇಲ್ಲದಿದ್ದರೆ ಮಗು ವಿವರಣೆಯ ಪುಟಗಳನ್ನೆಲ್ಲ ಒಂದಾದ ಮೇಲೊಂದು ನೋಡುತ್ತ ಹೋಗುತ್ತದೆ. ಹಿಂದಕ್ಕೆ ಹೋಗಿ ಉತ್ತರ ಬದಲಾಯಿಸಲು ಮಕ್ಕಳಿಗೆ ಸಾಧ್ಯ ಅನ್ನುವುದೂ ಗೊತ್ತಿರಲಿ, ಕಲಿಕೆಗಾದರೆ ಅದರಿಂದ ನಷ್ಟವೇನಿಲ್ಲ.

ಒಂದು ಪದದ ಉತ್ತರ, ದೊಡ್ಡ ಉತ್ತರ

ಒಂದು ಪದದ ಉತ್ತರಕ್ಕೂ ಫಾರ್ಮ್ ತಾನೇ ಅಂಕ ಹಾಕುತ್ತದೆ, ಆದರೆ ನೀವು ಕೊಟ್ಟ ಉತ್ತರದ ಹಾಗೇ ಇದ್ದರೆ ಮಾತ್ರ. "ದ್ಯುತಿಸಂಶ್ಲೇಷಣೆ" ಅನ್ನುವುದನ್ನು ಮಕ್ಕಳು ಎಷ್ಟು ಥರ ಬರೆಯಬಹುದು ಊಹಿಸಿ. ಆನ್ಸರ್ ಕೀಯಲ್ಲಿ ಒಂದಕ್ಕಿಂತ ಹೆಚ್ಚು ಸರಿ ರೂಪಗಳನ್ನು ಕೊಡಬಹುದು, ಆದರೂ ಎಲ್ಲವನ್ನೂ ಮೊದಲೇ ಊಹಿಸುವುದು ಆಗದ ಮಾತು. ಅದಕ್ಕಿಂತ ಸುಲಭ ಏನೆಂದರೆ, ಉತ್ತರಗಳು ಬಂದ ಮೇಲೆ "ರೆಸ್ಪಾನ್ಸಸ್"ನಲ್ಲಿ "ಕ್ವೆಶ್ಚನ್" ಪುಟ ತೆರೆಯಿರಿ. ಒಂದೇ ಥರ ಬರೆದವರೆಲ್ಲ ಅಲ್ಲಿ ಒಂದು ಗುಂಪಾಗಿ ಕಾಣುತ್ತಾರೆ. ಗುಂಪಿಗೊಂದು ಟಿಕ್ ಒತ್ತಿದರೆ ಮುಗಿಯಿತು.

ಎರಡು ಮೂರು ವಾಕ್ಯದ ಉತ್ತರಕ್ಕೆ "ಪ್ಯಾರಾಗ್ರಾಫ್" ಇದೆ, ಅದನ್ನು ನೀವೇ ಓದಿ ಅಂಕ ಕೊಡಬೇಕು. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಮಕ್ಕಳಿಗೆ ಕಷ್ಟ, ಹಾಗಾಗಿ ಒಂದು ಫಾರ್ಮ್‌ಗೆ ಇಂಥದ್ದು ಒಂದೇ ಸಾಕು. ನೋಟ್‌ಬುಕ್ಕಿನ ಫೋಟೊ ಕಳಿಸಲು "ಫೈಲ್ ಅಪ್‌ಲೋಡ್" ಇದೆ, ಆದರೆ ಅದಕ್ಕೆ ಗೂಗಲ್ ಸೈನ್ ಇನ್ ಕಡ್ಡಾಯ, ಮೇಲಾಗಿ ಫೋಟೊಗಳೆಲ್ಲ ಬಂದು ಕೂರುವುದು ನಿಮ್ಮ ಡ್ರೈವ್‌ನಲ್ಲಿ. ಉಚಿತ ಖಾತೆಯ 15 ಜಿಬಿಯಲ್ಲೇ ಜಿಮೇಲ್, ಫೋಟೋಸ್ ಎಲ್ಲವೂ ಇರಬೇಕು. ನೋಟ್‌ಬುಕ್ಕನ್ನು ಶಾಲೆಯಲ್ಲಿ ನೋಡುವುದೇ ವಾಸಿ.

ಮಕ್ಕಳ ಕೈಗೆ ತಲುಪಿಸುವುದು

ಕಳಿಸುವ ಮೊದಲು ಕಣ್ಣಿನ ಗುರುತಿನ "ಪ್ರಿವ್ಯೂ" ಒತ್ತಿ ಒಮ್ಮೆ ನೀವೇ ಉತ್ತರಿಸಿ, ಅದೂ ಫೋನಿನಲ್ಲಿ. ಕಂಪ್ಯೂಟರಿನಲ್ಲಿ ಚಂದ ಕಾಣುವ ಗ್ರಿಡ್ (ಸಾಲು, ಕಾಲಂಗಳ ಚೌಕಟ್ಟಿನ) ಪ್ರಶ್ನೆ ಸಣ್ಣ ಪರದೆಯಲ್ಲಿ ಪಕ್ಕಕ್ಕೆ ಎಳೆದು ನೋಡುವ ಹಾಗಾಗುತ್ತದೆ.

ಆಮೇಲೆ "ಪಬ್ಲಿಶ್" ಒತ್ತಿ. ಯಾರು ಉತ್ತರಿಸಬಹುದು ಅನ್ನುವಲ್ಲಿ ಲಿಂಕ್ ಇರುವ ಯಾರಾದರೂ ಎಂದು ಇದೆಯೇ ನೋಡಿಕೊಳ್ಳಿ. ನಂತರ ಉತ್ತರಿಸುವವರ ಲಿಂಕ್ ಕಾಪಿ ಮಾಡಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಚಿಕ್ಕದು ಮಾಡುವ ಟಿಕ್ ಕೂಡ ಅಲ್ಲೇ ಇದೆ. ಬ್ರೌಸರ್‌ನ ಮೇಲಿನ ಪಟ್ಟಿಯಿಂದ ವಿಳಾಸ ಕಾಪಿ ಮಾಡಬೇಡಿ. ಅದು ನೀವು ತಿದ್ದುವ ಪುಟದ ವಿಳಾಸ, ತೆರೆಯಲು ಹೋದವರಿಗೆ ಅನುಮತಿ ಬೇಕು ಅನ್ನುತ್ತದೆ, ಹತ್ತು ನಿಮಿಷದಲ್ಲಿ "ಸರ್ ಓಪನ್ ಆಗ್ತಿಲ್ಲ" ಅನ್ನುವ ಸಂದೇಶಗಳ ಸಾಲು ಶುರುವಾಗುತ್ತದೆ.

ಲ್ಯಾಬ್‌ನಲ್ಲಿ ಬರೆಸುವುದಾದರೆ ಕ್ರೋಮ್‌ನಲ್ಲೇ ಕ್ಯೂಆರ್ ಕೋಡ್ ಮಾಡಬಹುದು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರೆ ಶಿಕ್ಷಕರ ಫೋನ್‌ಗಳಿಂದಲೂ ಮಕ್ಕಳು ಒಬ್ಬೊಬ್ಬರಾಗಿ ಬರೆಯಬಹುದು. ಮನೆಯಲ್ಲಿ ಬರೆಯುವುದಕ್ಕೆ ಸಂಜೆ 7ರ ನಂತರದ ಸಮಯ ಕೊಡಿ, ಅಪ್ಪನ ಫೋನ್ ಮನೆಗೆ ಬರುವುದೇ ಆಗ. ನೆಟ್ ಇಲ್ಲದೆ ಫಾರ್ಮ್ ಕಳಿಸಲು ಆಗುವುದಿಲ್ಲ. ಸೈನ್ ಇನ್ ಆಗದೆ ಬರೆಯುವಾಗ ನಡುವೆ ಪುಟ ಮುಚ್ಚಿಹೋದರೆ ಬರೆದದ್ದೂ ಹೋಗುತ್ತದೆ. ಆದ್ದರಿಂದ ಹತ್ತಕ್ಕಿಂತ ಜಾಸ್ತಿ ಪ್ರಶ್ನೆ ಬೇಡ. ಫೋನೇ ಇಲ್ಲದ ಮನೆಯ ಮಕ್ಕಳಿಗೆ ಮೂರು ಚುಕ್ಕಿಯ "ಪ್ರಿಂಟ್" ಒತ್ತಿ ಹಾಳೆಯಲ್ಲೇ ಕೊಡಿ. ಮರುದಿನ ಅವರ ಉತ್ತರಗಳನ್ನು ನೀವೇ ಫಾರ್ಮ್‌ಗೆ ಹಾಕಿದರೆ ಅವರೂ ಲೆಕ್ಕದಲ್ಲಿರುತ್ತಾರೆ.

ಫಲಿತಾಂಶ ಓದುವುದು

"ರೆಸ್ಪಾನ್ಸಸ್"ನ "ಸಮರಿ"ಯಲ್ಲಿ ಮೊದಲು ಸರಾಸರಿ ಅಂಕ ಕಾಣುತ್ತದೆ. ಅದನ್ನು ದಾಟಿ ಕೆಳಗೆ ಹೋಗಿ. ಹೆಚ್ಚು ಮಂದಿ ತಪ್ಪಿದ ಪ್ರಶ್ನೆಗಳ ಪಟ್ಟಿ ಇರುತ್ತದೆ, ಅದರ ಕೆಳಗೆ ಪ್ರತಿ ಪ್ರಶ್ನೆಗೂ ಯಾವ ಆಯ್ಕೆಯನ್ನು ಎಷ್ಟು ಜನ ಒತ್ತಿದರು ಅನ್ನುವ ಪಟ್ಟೆಗಳು. ನೀವು ನೋಡಬೇಕಾದ್ದು ಸರಿ ಉತ್ತರದ ಪಟ್ಟೆಯನ್ನಲ್ಲ, ಅದರ ನಂತರದ ಉದ್ದನೆಯ ಪಟ್ಟೆಯನ್ನು. ತಪ್ಪುಗಳೆಲ್ಲ ಒಂದೇ ಆಯ್ಕೆಯಲ್ಲಿ ಗುಂಪಾಗಿದ್ದರೆ ಆ ವಿಷಯವನ್ನು ಇಡೀ ತರಗತಿಗೆ ಮತ್ತೆ ಹೇಳಬೇಕು. ತಪ್ಪುಗಳು ನಾಲ್ಕೂ ಕಡೆ ಚದುರಿದ್ದರೆ ಮಕ್ಕಳಿಗೆ ಪ್ರಶ್ನೆಯೇ ಅರ್ಥವಾಗಿಲ್ಲ ಅಂತ ಅನುಮಾನಪಡಿ, ಒಮ್ಮೆ ಪ್ರಶ್ನೆಯ ಭಾಷೆಯನ್ನು ಓದಿ ನೋಡಿ. ಜಾಣ ಮಕ್ಕಳೇ ಒಟ್ಟಾಗಿ ತಪ್ಪಿದ್ದರೆ ಆನ್ಸರ್ ಕೀ ಸರಿ ಇದೆಯೇ ಪರೀಕ್ಷಿಸಿ!

ಯಾರು ಯಾರು ಅಂತ ಬೇಕಾದರೆ "ಲಿಂಕ್ ಟು ಶೀಟ್ಸ್" ಒತ್ತಿ. ಎಕ್ಸೆಲ್ ಥರದ ಹಾಳೆ ತೆರೆಯುತ್ತದೆ, ಆ ಪ್ರಶ್ನೆಯ ಕಾಲಂಗೆ ಫಿಲ್ಟರ್ ಹಾಕಿ 2/5 ಒತ್ತಿದವರ ಪಟ್ಟಿ ತೆಗೆಯಿರಿ. ಅವರನ್ನು ಒಂದು ಗುಂಪಾಗಿ ಕೂರಿಸಿ ಕಾಗದ ಮಡಚಿ ಅರ್ಧ, ಮೂರನೇ ಒಂದು ತೋರಿಸಿದರೆ ಆ ಪಿರಿಯಡ್ ಸಾರ್ಥಕ. ಫಾರ್ಮ್‌ನಲ್ಲಿ ಒಂದು ಉತ್ತರ ಅಳಿಸಿದರೆ ಹಾಳೆಯಲ್ಲಿ ಅಳಿಯುವುದಿಲ್ಲ, ಎರಡೂ ಕಡೆ ಬೇರೆ ಬೇರೆ ಅಳಿಸಬೇಕು.

ಪೋಷಕರ, ಮಕ್ಕಳ ಸಮೀಕ್ಷೆ

ಸಮೀಕ್ಷೆಗೆ ಕ್ವಿಜ್ ಆಫ್ ಇರಲಿ. ಮೊದಲು ಕೇಳಿಕೊಳ್ಳಬೇಕಾದ್ದು, ಈ ಉತ್ತರ ಬಂದರೆ ನಾನೇನು ಮಾಡುತ್ತೇನೆ ಅಂತ. ಏನೂ ಮಾಡುವುದಿಲ್ಲ ಅಂದರೆ ಆ ಪ್ರಶ್ನೆ ತೆಗೆದುಹಾಕಿ.

"ಶಾಲೆಯ ಬಿಸಿಯೂಟ ಮತ್ತು ಶೌಚಾಲಯ ಚೆನ್ನಾಗಿದೆಯೇ?" ಅಂತ ಕೇಳಿದರೆ ಊಟ ಚೆನ್ನಾಗಿದ್ದು ಶೌಚಾಲಯ ಸರಿಯಿಲ್ಲ ಅನ್ನುವ ಮಗು ಏನು ಒತ್ತಬೇಕು? ಎರಡನ್ನೂ ಬೇರೆ ಮಾಡಿ. "ಚೆನ್ನಾಗಿದೆಯೇ" ಅನ್ನುವುದಕ್ಕೆ ಎಲ್ಲರೂ ಹೌದು ಅಂತಲೇ ಒತ್ತುತ್ತಾರೆ. ಬದಲಿಗೆ "ಕಳೆದ ವಾರ ಎಷ್ಟು ದಿನ ಊಟ ಬಿಟ್ಟೆ?" ಅಂತ ಕೇಳಿ, "ಬಿಟ್ಟಿದ್ದರೆ ಏಕೆ?" ಅನ್ನುವುದು ಮುಂದಿನ ಪ್ರಶ್ನೆ. ಮೊಟ್ಟೆ ತಿನ್ನುತ್ತೀಯೋ ಬಾಳೆಹಣ್ಣೋ ಅಂತ ಲೆಕ್ಕ ಬೇಕಿದ್ದರೆ ಅದನ್ನು ನೇರವಾಗಿ ಎರಡು ಆಯ್ಕೆ ಮಾಡಿ ಕೇಳಬಹುದು, ಅದರಲ್ಲಿ ಸುತ್ತುಬಳಸು ಬೇಡ.

"ಲೀನಿಯರ್ ಸ್ಕೇಲ್" ಬಳಸುವಾಗ 1 ಅಂದರೇನು, 5 ಅಂದರೇನು ಅಂತ ಎರಡು ತುದಿಗೂ ಕನ್ನಡದಲ್ಲಿ ಬರೆಯಿರಿ. ನಮ್ಮಲ್ಲಿ ಮೊದಲ ರ‍್ಯಾಂಕ್ ಅಂದರೆ ಒಳ್ಳೆಯದು ತಾನೆ, ಹಾಗಾಗಿ 1 ಅಂದರೆ ಉತ್ತಮ ಅಂದುಕೊಂಡು ಒತ್ತುವವರು ಬೇಕಾದಷ್ಟು. ಪೋಷಕರಿಗಾದರೆ ಅಂಕಿಗಿಂತ "ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲ" ಅನ್ನುವ ಮಾತುಗಳೇ ಸುಲಭ. ಕೊನೆಗೆ "ಇತರೆ" ಇಡಲು ಮರೆಯಬೇಡಿ, ನಾವು ಯೋಚಿಸದೇ ಇದ್ದದ್ದು ಬರುವುದು ಅಲ್ಲೇ.

ನಿಮ್ಮ ಪಾಠದ ಬಗ್ಗೆಯೇ ಮಕ್ಕಳನ್ನು ಕೇಳುವುದಾದರೆ ಹೆಸರು, ಹಾಜರಿ ಸಂಖ್ಯೆ, ಇಮೇಲ್ ಒಂದೂ ಕೇಳಬೇಡಿ, ಹಾಗಂತ ಫಾರ್ಮ್‌ನ ತಲೆಯಲ್ಲೇ ಬರೆಯಿರಿ. ಹೆಸರು ಕೇಳಿ ಆಮೇಲೆ "ಸರ್ ಪಾಠ ಅರ್ಥವಾಗುತ್ತಾ" ಅಂದರೆ ಇಲ್ಲ ಅನ್ನುವ ಧೈರ್ಯ ಯಾವ ಮಗುವಿಗಿದೆ?

ಸೆಟ್ಟಿಂಗ್ಸ್‌ನಲ್ಲಿ "ವ್ಯೂ ರಿಸಲ್ಟ್ಸ್ ಸಮರಿ" ಆಫ್ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಅದು ಆನ್ ಇದ್ದರೆ ಉತ್ತರಿಸಿದ ಪ್ರತಿಯೊಬ್ಬರಿಗೂ ಉಳಿದವರ ಉತ್ತರಗಳು ಕಾಣುತ್ತವೆ, ಪೋಷಕರು ಬರೆದ ದೂರುಗಳೂ ಸೇರಿ. ಆಧಾರ್ ಸಂಖ್ಯೆ, ಜಾತಿ, ಬ್ಯಾಂಕ್ ಖಾತೆ ಇವನ್ನು ಫಾರ್ಮ್‌ನಲ್ಲಿ ಕೇಳಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ನೋಡುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಸಮೀಕ್ಷೆ ಏಕೆ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅನ್ನುವ ಎರಡು ಸಾಲನ್ನು ಮೊದಲೇ ಬರೆದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಒಂದು ಮಾತು ಹೇಳಿಬಿಡಿ.

ಮುಗಿದ ಮೇಲೆ

ಸಮಯ ಆದ ಕೂಡಲೇ ಉತ್ತರ ಸ್ವೀಕರಿಸುವುದನ್ನು ನಿಲ್ಲಿಸಿ, "ಈ ಪರೀಕ್ಷೆ ಮುಗಿದಿದೆ, ನಾಳೆ ತರಗತಿಯಲ್ಲಿ ಸಿಗೋಣ" ಅಂತ ಕನ್ನಡದಲ್ಲಿ ಸಂದೇಶ ಹಾಕಿ. ಇಲ್ಲದಿದ್ದರೆ ತಿಂಗಳು ಬಿಟ್ಟು ಯಾರೋ ಹಳೇ ಲಿಂಕ್ ಒತ್ತಿ ಉತ್ತರ ಕಳಿಸುತ್ತಾರೆ. ಸೇತುಬಂಧದ ಕೊನೆಯ ಸಾಫಲ್ಯ ಪರೀಕ್ಷೆಗೆ (ಮಕ್ಕಳು ಎಷ್ಟು ಕಲಿತರು ಎಂದು ನೋಡುವುದಕ್ಕೆ) ಅದೇ ಫಾರ್ಮ್‌ನ ಮೂರು ಚುಕ್ಕಿಯಲ್ಲಿ "ಮೇಕ್ ಎ ಕಾಪಿ" ಒತ್ತಿ ಅಂಕಿಗಳನ್ನು ಮಾತ್ರ ಬದಲಾಯಿಸಿ, 1/2 + 1/3 ಇದ್ದದ್ದು 1/3 + 1/4 ಆಗಲಿ, ತಪ್ಪು ಆಯ್ಕೆಗಳೂ ಅದೇ ಮಾದರಿಯಲ್ಲಿ 2/7, 2/12, 1/12 ಎಂದು ಬದಲಾಗಲಿ. ಆಗ ಎರಡೂ ಪಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ವರ್ಷದ ಕೊನೆಗೆ ಪ್ರಶ್ನೆಗಳನ್ನು ಉಳಿಸಿಕೊಂಡು ಮಕ್ಕಳ ಉತ್ತರಗಳನ್ನು ಅಳಿಸಿ, ಶೀಟ್ಸ್‌ನಲ್ಲಿರುವುದನ್ನೂ ಸೇರಿಸಿ.